ವಾರಂಟ್ ಇದ್ದರೆ ಬೀರು ತೆರೆಯಬಹುದು, ಚಾಟ್ ಮಾತ್ರ ಯಾಕೆ ಬೇಡ? ಲಿಬರ್ಟೇರಿಯನ್ನರಿಗೆ ಒಂದು ಪ್ರಶ್ನೆ

ದಾರಿಹೋಕ

ಕೆಲವು ತಿಂಗಳಿಂದ ಲಿಬರ್ಟೇರಿಯನ್ ವಿಚಾರಗಳನ್ನು, ಅಂದರೆ ವ್ಯಕ್ತಿಯ ಸ್ವಾತಂತ್ರ್ಯವೇ ಮೊದಲು ಅನ್ನುವವರ ವಿಚಾರಗಳನ್ನು, ಓದುತ್ತಿದ್ದೇನೆ. ಹೆಚ್ಚಿನದು ಒಪ್ಪಿಗೆಯಾಗುತ್ತದೆ. ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ.

ಸರ್ಕಾರ ಚಿಕ್ಕದಾಗಿರಬೇಕು ಅನ್ನುತ್ತೀರಿ. ಆದರೆ ಒಂದು ಕೆಲಸ ಅದು ಮಾಡಲೇಬೇಕು ಅಂತಲೂ ನೀವೇ ಹೇಳುತ್ತೀರಿ. ನಿಮ್ಮ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ವಿವರಿಸಿದ ಕನಿಷ್ಠ ಸರ್ಕಾರದ ಕೆಲಸವೇ ಅದು: ಹಿಂಸೆ, ಕಳ್ಳತನ, ಮೋಸದಿಂದ ಜನರನ್ನು ಕಾಪಾಡುವುದು, ಒಪ್ಪಂದಗಳು ಜಾರಿಯಾಗುವಂತೆ ನೋಡಿಕೊಳ್ಳುವುದು. ಕಾಪಾಡಬೇಕು ಅಂದಮೇಲೆ ತನಿಖೆ ಬೇಕು. ತನಿಖೆ ಅಂದಮೇಲೆ ನ್ಯಾಯಾಧೀಶರ ವಾರಂಟ್ ಹಿಡಿದು ಮನೆಯೊಳಗೆ ಹುಡುಕಬಹುದು. ಇಷ್ಟನ್ನು ನಿಮ್ಮಲ್ಲಿ ಬಹಳ ಜನ ಒಪ್ಪುತ್ತೀರಿ. ಹಾಗಿದ್ದರೆ ಅದೇ ವಾರಂಟ್ ಹಿಡಿದು ಎನ್‌ಕ್ರಿಪ್ಟ್ ಆದ, ಅಂದರೆ ಕೀಲಿ ಇಲ್ಲದವರಿಗೆ ಓದಲಾಗದ ಹಾಗೆ ಮಾಡಿದ, ಸಂದೇಶ ಓದಬಾರದು ಯಾಕೆ? ಇದು ತತ್ವವೋ, ಸುಮ್ನೆ ಸರ್ಕಾರದ ಮೇಲಿನ ಸಿಟ್ಟೋ?

ಒಂಟಿಸಲಗ

ಸರ್ಕಾರದ ಮೇಲಿನ ಸಿಟ್ಟೂ ತತ್ವವೇ ಮಾರಾಯರೇ.

ನಾನು ಕನಿಷ್ಠ ಸರ್ಕಾರವನ್ನೂ ಒಪ್ಪದವನು. ಸರ್ಕಾರವೇ ಬೇಡ ಅಂದ ರಾತ್‌ಬಾರ್ಡ್ ದಾರಿಯವನು. ನನ್ನ ಪ್ರಕಾರ ಇದು ಪ್ರಶ್ನೆಯೇ ಅಲ್ಲ. ಇಬ್ಬರು ಗುಟ್ಟಾಗಿ ಮಾತಾಡಿಕೊಂಡರೆ ಯಾರ ಮೈಮೇಲೂ ಕೈ ಮಾಡಿದಂತಾಗಲಿಲ್ಲ. ಯಾರ ಮೈಮೇಲೂ ಕೈ ಮಾಡದವನ ಮೇಲೆ ಬಲ ಪ್ರಯೋಗ ಮಾಡುವ ಹಕ್ಕು ಯಾರಿಗೂ ಇಲ್ಲ. ಮುಗೀತು.

ಬೀಗದಕೈ

ಮುಗಿಯಲಿಲ್ಲ ಸಲಗ, ಅವರು ಕೇಳಿದ್ದು ವಾರಂಟ್ ಇರುವ ಕೇಸು. ಅಂದರೆ ಕೈ ಮಾಡಿದ್ದಾನೆ ಅಂತ ಅನುಮಾನಕ್ಕೆ ಕಾರಣ ಇರುವ ಮನುಷ್ಯ.

ನಾನು ಕನಿಷ್ಠ ಸರ್ಕಾರದ ಕಡೆಯವನು. ಹೊಟ್ಟೆಪಾಡಿಗೆ ಮಾಡುವುದು ಎನ್‌ಕ್ರಿಪ್ಶನ್ ಕೆಲಸ. ದಾರಿಹೋಕರ ಹೋಲಿಕೆಯಲ್ಲಿ ಒಂದು ಎಡವಟ್ಟು ಇದೆ. ವಾರಂಟ್ ಅಂದರೆ ಹುಡುಕುವುದಕ್ಕೆ ಅನುಮತಿ. ಸಿಕ್ಕೇ ಸಿಗಬೇಕು ಅನ್ನುವ ಗ್ಯಾರಂಟಿ ಅಲ್ಲ. ಪೊಲೀಸರು ಮನೆಗೆ ಬಂದು ಬೀರು ಒಡೆಯಬಹುದು. ಒಳಗೆ ಸುಟ್ಟ ಕಾಗದದ ಬೂದಿ ಇದ್ದರೆ ಬೂದಿಯೇ ಸಿಗುತ್ತದೆ. ಮುಂದೆ ಯಾರೂ ಕಾಗದ ಸುಡಬಾರದು, ಸುಟ್ಟರೂ ಒಂದು ಪ್ರತಿ ಠಾಣೆಯಲ್ಲಿ ಇಟ್ಟಿರಬೇಕು ಅಂತ ಯಾವ ನ್ಯಾಯಾಧೀಶರೂ ಹೇಳುವುದಿಲ್ಲ.

ಈಗ ಸರ್ಕಾರಗಳು ಕೇಳುತ್ತಿರುವುದು ಬೀರು ಒಡೆಯುವ ಹಕ್ಕನ್ನಲ್ಲ. ಬೀರು ಮಾಡುವ ಬಡಗಿಗೆ, ನೀನು ಮಾಡುವ ಪ್ರತಿಯೊಂದು ಬೀರುವಿಗೂ ಹಿಂದೆ ಒಂದು ಗುಟ್ಟಿನ ಬಾಗಿಲು ಇಡು ಅನ್ನುವುದನ್ನು. ಅನುಮಾನ ಇರುವುದು ಒಬ್ಬನ ಮೇಲೆ, ಬಾಗಿಲು ಕೊರೆಯುವುದು ಎಲ್ಲರ ಬೀರುವಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ದಾರಿಹೋಕ

ಆ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಕೋರ್ಟ್ ಹತ್ತಿರ ಇಟ್ಟರೆ? ದುರುಪಯೋಗ ಆಗದ ಹಾಗೆ ಎರಡು ಭಾಗ ಮಾಡಿ, ಎರಡು ಕಡೆ ಇಟ್ಟರೆ?

ಬೀಗದಕೈ

ಇದನ್ನು ಮಾಡಿ ನೋಡಿಯಾಗಿದೆ.

1993ರಲ್ಲಿ ಕ್ಲಿಂಟನ್ ಸರ್ಕಾರ ಕ್ಲಿಪ್ಪರ್ ಚಿಪ್ ತಂದಿತು. ಫೋನ್ ಕರೆಗಳನ್ನು ಎನ್‌ಕ್ರಿಪ್ಟ್ ಮಾಡುವ ಚಿಪ್. ಪ್ರತಿ ಚಿಪ್ಪಿನ ಕೀಲಿಯನ್ನು ಎರಡು ತುಂಡು ಮಾಡಿ, ಸರ್ಕಾರದ ಎರಡು ಬೇರೆ ಬೇರೆ ಸಂಸ್ಥೆಗಳ ಹತ್ತಿರ ಇಡುವುದು. ಕೋರ್ಟಿನ ಆದೇಶ ಬಂದಾಗ ಜೋಡಿಸುವುದು. ನೀವು ಹೇಳಿದ್ದೇ ಅಲ್ವಾ? ಮರುವರ್ಷ, ಅಂದರೆ 1994ರಲ್ಲಿ, ಬೆಲ್ ಲ್ಯಾಬ್ಸ್‌ನ ಮ್ಯಾಟ್ ಬ್ಲೇಜ್ ಅದರಲ್ಲಿ ಒಂದು ತೂತು ಕಂಡುಹಿಡಿದರು. ಯಾವ ಚಿಪ್ಪಿನ ಕರೆ ಅಂತ ಪೊಲೀಸರಿಗೆ ಗುರುತು ಹೇಳುವ ಒಂದು ಭಾಗ ಅದರಲ್ಲಿತ್ತು. ಅದು ಸಾಚಾನೋ ಅಲ್ಲವೋ ಅಂತ ನೋಡುವುದಕ್ಕೆ ಇಟ್ಟಿದ್ದ ಚೆಕ್‌ಸಮ್ ಬರೀ 16 ಬಿಟ್‌ನದು. 16 ಬಿಟ್ ಅಂದರೆ 65,536 ಸಾಧ್ಯತೆ. ಕಂಪ್ಯೂಟರ್ ಒಂದೊಂದಾಗಿ ಎಲ್ಲವನ್ನೂ ಪ್ರಯತ್ನಿಸಿ ಸುಳ್ಳು ಗುರುತು ಮಾಡಿಬಿಡುತ್ತದೆ. ಅಂದರೆ ಬುದ್ಧಿವಂತ ಕಳ್ಳ ಪೊಲೀಸರ ಕೀಲಿಯಿಂದ ತಪ್ಪಿಸಿಕೊಳ್ಳುತ್ತಾನೆ. ಸಿಕ್ಕಿಬೀಳುವವನು ಪಾಪದವನು. ಮೂರ್ನಾಲ್ಕು ವರ್ಷದಲ್ಲಿ ಆ ಯೋಜನೆ ಮಣ್ಣಾಯಿತು.

ಇನ್ನೊಂದು ಮಾತು. ಇವತ್ತಿನ ಒಳ್ಳೆಯ ಚಾಟ್ ಆಪ್‌ಗಳಲ್ಲಿ ಕೀಲಿ ಒಂದೇ ಇರುವುದಿಲ್ಲ. ಸಂದೇಶ ಹೋಗುತ್ತಿದ್ದ ಹಾಗೆ ಕೀಲಿ ಬದಲಾಗುತ್ತಾ, ಹಳೆಯದು ಅಳಿಸಿಹೋಗುತ್ತದೆ. ನಾಳೆ ನನ್ನ ಫೋನ್ ಕದ್ದವನಿಗೆ ನಿನ್ನೆ ಅಳಿಸಿದ ಮಾತು ಸಿಗಬಾರದು ಅಂತ ಮಾಡಿದ ಏರ್ಪಾಡು ಇದು. ಸರ್ಕಾರಕ್ಕೆ ಕೀಲಿ ಕೂಡಿಡಬೇಕು ಅಂದರೆ ಈ ಅಳಿಸುವುದನ್ನೇ ನಿಲ್ಲಿಸಬೇಕು. ಆಗ ಕೋಟ್ಯಂತರ ಜನರ ಕೀಲಿ ಒಂದೇ ಗುಡ್ಡೆಯಾಗಿ ಬೀಳುತ್ತದೆ. ಯಾವ ಕಳ್ಳ ಅದರ ಕಡೆ ನೋಡದೆ ಇರುತ್ತಾನೆ?

ಹಳೇಕಡತ

ನಾನು ನಿಮ್ಮ ಪೈಕಿಯವನಲ್ಲ. ತನಿಖೆಯ ಕೆಲಸದಲ್ಲೇ ವಯಸ್ಸು ಕಳೆದವನು. ಈಗ ನಿವೃತ್ತ.

ಬೀರು, ಬಡಗಿ, ಬೂದಿ ಎಲ್ಲ ಕೇಳುವುದಕ್ಕೆ ಚೆನ್ನಾಗಿದೆ. ಒಂದು ಕೇಸ್ ಹೇಳುತ್ತೇನೆ. ಮಕ್ಕಳ ಚಿತ್ರಗಳನ್ನು ಹಂಚುತ್ತಿದ್ದವನೊಬ್ಬ ಸಿಕ್ಕಿಬಿದ್ದ. ಎಂಥ ಚಿತ್ರಗಳು ಅಂತ ಬಿಡಿಸಿ ಹೇಳಬೇಕಿಲ್ಲ. ಒಂದು ಮಗುವಿನ ಗುರುತು ಸಿಕ್ಕಿತು. ಅವನ ಫೋನ್ ನಮ್ಮ ಮೇಜಿನ ಮೇಲಿತ್ತು. ಕೋರ್ಟಿನ ಆದೇಶ ಅದರ ಪಕ್ಕದಲ್ಲೇ ಇತ್ತು. ಫೋನ್ ಕೊನೆಗೂ ತೆರೆಯಲಿಲ್ಲ. ಅವನಿಗೆ ಶಿಕ್ಷೆ ಆಯಿತು, ಸಿಕ್ಕಷ್ಟು ಸಾಕ್ಷ್ಯದ ಮೇಲೆ. ಆದರೆ ಒಳಗೆ ಇನ್ನೆಷ್ಟು ಮಕ್ಕಳಿದ್ದರು, ಅವರು ಯಾರ ಮನೆಯವರು, ಇನ್ನೂ ಯಾರ ಕೈಯಲ್ಲಿದ್ದಾರೆ, ಅದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಿಂಸೆಯಿಂದ ಕಾಪಾಡುವುದೇ ಸರ್ಕಾರದ ಕೆಲಸ ಅಂತ ನಿಮ್ಮ ನೋಜಿಕ್ ಹೇಳಿದರೆ, ಆ ಮಕ್ಕಳನ್ನು ಕಾಪಾಡುವುದು ಯಾವ ಲೆಕ್ಕಕ್ಕೆ ಬರುತ್ತದೆ?

ಬೀಗದಕೈ

ಇದಕ್ಕೆ ಚುರುಕಾಗಿ ಉತ್ತರ ಕೊಡುವುದು ಅಸಭ್ಯತನ. ಆ ನಷ್ಟ ನಿಜ. ಎನ್‌ಕ್ರಿಪ್ಶನ್‌ನಿಂದ ಯಾರಿಗೂ ತೊಂದರೆಯೇ ಇಲ್ಲ ಅನ್ನುವ ನಮ್ಮ ಕಡೆಯವರು ಸುಳ್ಳು ಹೇಳುತ್ತಾರೆ.

ಆದರೂ ಕೇಳುತ್ತೇನೆ ಸಾರ್. ಆ ಫೋನ್ ತೆರೆಯಬೇಕು ಅನ್ನುವುದಕ್ಕೂ, ಎಲ್ಲ ಫೋನುಗಳೂ ತೆರೆಯುವಂತೆಯೇ ತಯಾರಾಗಬೇಕು ಅನ್ನುವುದಕ್ಕೂ ನಡುವೆ ಏನೂ ಇಲ್ಲವೇ? ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ನಿಮ್ಮ ಕೈಯಲ್ಲಿರುವ ಆ ಒಂದು ಫೋನನ್ನು ನಿಮ್ಮ ತಂತ್ರಜ್ಞರು ಏನು ಬೇಕಾದರೂ ಮಾಡಿ ತೆರೆಯಲಿ.

ಮತ್ತೆ ಪೊಲೀಸರಿಗಾಗಿ ಇಟ್ಟ ಬಾಗಿಲಿನಲ್ಲಿ ಯಾರು ಯಾರು ಬಂದು ಹೋದರು ಅನ್ನುವ ಲೆಕ್ಕವೂ ಇದೆ. ಗ್ರೀಸ್‌ನ ಒಂದು ಮೊಬೈಲ್ ಜಾಲದಲ್ಲಿ ಕಾನೂನುಬದ್ಧ ಕದ್ದಾಲಿಕೆಗೆ ಅಂತಲೇ ಸಾಫ್ಟ್‌ವೇರ್ ಇತ್ತು. 2004–05ರಲ್ಲಿ ಯಾರೋ ಅದರೊಳಗೆ ಸೇರಿಕೊಂಡು ನೂರಕ್ಕೂ ಹೆಚ್ಚು ಫೋನ್ ಕದ್ದು ಕೇಳಿದರು. ಅದರಲ್ಲಿ ಪ್ರಧಾನಿ ಕರಾಮನ್ಲಿಸ್ ಫೋನೂ ಒಂದು. ಕಾಯುವವನ ಬಾಗಿಲಿನಿಂದಲೇ ಬಂದು ಯಜಮಾನನನ್ನೇ ದೋಚಿದರು ನೋಡಿ.

2024ರಲ್ಲಿ ಅಮೆರಿಕದ ಟೆಲಿಕಾಂ ಕಂಪನಿಗಳಿಗೆ ಸಾಲ್ಟ್ ಟೈಫೂನ್ ಅನ್ನುವ ಚೀನಾ ಕಡೆಯ ಹ್ಯಾಕರ್ ಗುಂಪು ನುಗ್ಗಿತು. ಕೋರ್ಟ್ ಆದೇಶದ ಕದ್ದಾಲಿಕೆಗೆ ಇದ್ದ ವ್ಯವಸ್ಥೆಯನ್ನೂ ಅವರು ಮುಟ್ಟಿದರು. ಆಮೇಲೆ ಆ ವರ್ಷದ ಕೊನೆಯಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯೇ ದೊಡ್ಡ ಹುದ್ದೆಯವರಿಗೆ ಕೊಟ್ಟ ಸಲಹೆ ಏನು ಗೊತ್ತಾ? ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇರುವ, ಅಂದರೆ ನಡುವಿನ ಕಂಪನಿಗೂ ಸಂದೇಶ ಓದಲಾಗದ, ಆಪ್ ಬಳಸಿ ಅಂತ. ಎನ್‌ಕ್ರಿಪ್ಶನ್‌ನಿಂದ ತನಿಖೆ ಹಾಳಾಯಿತು ಅಂತ ವರ್ಷಗಟ್ಟಲೆ ಗೊಣಗಿದ ಎಫ್‌ಬಿಐ ಅಧಿಕಾರಿಗಳೂ ಆಗ ಅದೇ ರಾಗ ಹಾಡಿದರು.

ನಡುಮನೆ

ಇದೆಲ್ಲ ಭದ್ರತೆಯ ವಾದ ಆಯಿತು. ಇದನ್ನು ಹೇಳುವುದಕ್ಕೆ ಲಿಬರ್ಟೇರಿಯನ್ ಆಗಬೇಕಿಲ್ಲ. ನಾನು ಎಡಪಂಥೀಯಳು, ನಾನೂ ಒಪ್ಪುತ್ತೇನೆ. ನಾಳೆ ಯಾರೋ ತೂತೇ ಇಲ್ಲದ ಹಿಂಬಾಗಿಲು ಮಾಡಿಬಿಟ್ಟರು ಅಂದುಕೊಳ್ಳಿ. ಆಗ ನಿಮ್ಮ ತತ್ವ ಏನು ಹೇಳುತ್ತದೆ? ಅದನ್ನು ಹೇಳಿ.

ಬೀಗದಕೈ

ಒಳ್ಳೆಯ ಪೆಟ್ಟು. ಹೌದು, ತೂತು ಇಲ್ಲದಿದ್ದರೂ ನಾನು ಬೇಡ ಅನ್ನುತ್ತೇನೆ.

ಒಂದು, ಬಲವಂತದ ದುಡಿಮೆ. 2015ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್ ಬರ್ನಾರ್ಡಿನೋದಲ್ಲಿ 14 ಜನರನ್ನು ಕೊಂದವರಲ್ಲಿ ಒಬ್ಬನ ಐಫೋನ್ ಎಫ್‌ಬಿಐಗೆ ಸಿಕ್ಕಿತು. 2016ರ ಫೆಬ್ರವರಿಯಲ್ಲಿ ಕೋರ್ಟ್ ಆಪಲ್‌ಗೆ ಆದೇಶ ಮಾಡಿತು. ನಿಮ್ಮ ಹತ್ತಿರ ಇರುವುದನ್ನು ಕೊಡಿ ಅಂತ ಅಲ್ಲ. ನಿಮ್ಮ ಬೀಗವನ್ನು ನೀವೇ ದುರ್ಬಲ ಮಾಡುವ ಹೊಸ ಸಾಫ್ಟ್‌ವೇರ್ ಬರೆದುಕೊಡಿ ಅಂತ. ಅದಕ್ಕೆ ಆಧಾರ ಹುಡುಕಿದ್ದು 1789ರ ಕಾಯ್ದೆಯಲ್ಲಿ. ತಪ್ಪೇ ಮಾಡದ ಮೂರನೆಯವನನ್ನು ಹಿಡಿದು ತಂದು ಸರ್ಕಾರದ ಕೆಲಸ ಮಾಡಿಸುವುದಕ್ಕೆ ನಮ್ಮ ಕನ್ನಡದಲ್ಲಿ ಹಳೆಯ ಪದ ಇದೆ: ಬಿಟ್ಟಿ. ಕೊನೆಗೆ ಮಾರ್ಚ್‌ನಲ್ಲಿ ಹೊರಗಿನವರು ಯಾರೋ ಫೋನ್ ತೆರೆದುಕೊಟ್ಟರು, ಎಫ್‌ಬಿಐ ಕೇಸ್ ಹಿಂದಕ್ಕೆ ತೆಗೆದುಕೊಂಡಿತು. ಪ್ರಶ್ನೆ ಹಾಗೇ ಉಳಿಯಿತು.

ಎರಡು, ಮೋಸ. ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಆಪ್ ಕಂಪನಿ ನನಗೆ ಒಂದು ಮಾತು ಕೊಟ್ಟಿದೆ, ನಿನ್ನ ಸಂದೇಶ ನಿನಗೂ ಆ ಕಡೆಯವನಿಗೂ ಬಿಟ್ಟು ನಮಗೂ ಕಾಣುವುದಿಲ್ಲ ಅಂತ. ಅದು ಒಪ್ಪಂದ. ಬ್ರಿಟನ್ನಿನ 2016ರ ಕಾಯ್ದೆಯಲ್ಲಿ, ಎನ್‌ಕ್ರಿಪ್ಶನ್ ತೆಗೆಯುವ ದಾರಿ ಮಾಡಿಡಿ ಅಂತ ಸರ್ಕಾರ ಕಂಪನಿಗೆ ಗುಟ್ಟಾಗಿ ನೋಟಿಸ್ ಕೊಡಬಹುದು. ನೋಟಿಸ್ ಬಂದಿದೆ ಅಂತ ಕಂಪನಿ ಬಾಯಿ ಬಿಡುವಂತೆಯೂ ಇಲ್ಲ. ಅಂದರೆ ಹೊರಗೆ ಹಳೆಯ ಬೋರ್ಡ್, ಒಳಗೆ ಹೊಸ ತೂತು. ಇದನ್ನೇ ಯಾವುದಾದರೂ ಕಂಪನಿ ತಾನಾಗಿ ಮಾಡಿದ್ದರೆ ಗ್ರಾಹಕರಿಗೆ ಮೋಸ ಅಂತ ಕೇಸ್ ಹಾಕುತ್ತಿದ್ದೆವು. ಮೋಸ ತಡೆಯುವುದೇ ಸರ್ಕಾರದ ಕೆಲಸ ಅಂತ ದಾರಿಹೋಕರು ಮೊದಲೇ ಬರೆದಿದ್ದಾರೆ. ಇಲ್ಲಿ ಸರ್ಕಾರವೇ ಮೋಸ ಮಾಡು ಅಂತ ಆದೇಶ ಕೊಡುತ್ತಿದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇನ್ನೇನು?

2025ರ ಫೆಬ್ರವರಿಯಲ್ಲಿ ಆಪಲ್ ತನ್ನ ಐಕ್ಲೌಡ್‌ನ (ಬಳಕೆದಾರರ ಮಾಹಿತಿ ಕೂಡಿಡುವ ಸೇವೆಯ) ಹೆಚ್ಚುವರಿ ಎನ್‌ಕ್ರಿಪ್ಶನ್ ಸೌಲಭ್ಯವನ್ನು ಬ್ರಿಟನ್ನಿನಲ್ಲಿ ವಾಪಸ್ ತೆಗೆದುಕೊಂಡಿತಲ್ಲ, ನಾನು ಅದನ್ನು ಹೀಗೇ ಓದುತ್ತೇನೆ. ಸುಳ್ಳು ಬೋರ್ಡ್ ಹಾಕುವುದಕ್ಕಿಂತ ಬೋರ್ಡ್ ತೆಗೆಯುವುದು ವಾಸಿ ಅಂತ.

ಅಕ್ಷರಿ

ಇದಕ್ಕೆ ಮೂರನೆಯದೊಂದು ಸೇರಿಸುತ್ತೇನೆ. ಕೋಡ್ ಬರೆಯುವುದೂ ಮಾತಾಡುವುದೇ ಅನ್ನುವ ವಾದ. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಅನ್ನುವ ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ಬರೆದು ಹಂಚಿದಾಗ, ಅದು ದೇಶದ ಹೊರಗೆ ಹೋಯಿತು ಅಂತ ಅವರ ಮೇಲೆ ತನಿಖೆ ನಡೆಯಿತು. ಆಗ ಅಮೆರಿಕದ ರಫ್ತು ನಿಯಮದಲ್ಲಿ ಬಲವಾದ ಎನ್‌ಕ್ರಿಪ್ಶನ್ ಅಂದರೆ ಯುದ್ಧ ಸಾಮಗ್ರಿ. ತಮಾಷೆ ಏನೆಂದರೆ, ಅದೇ ಕೋಡನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಹೊರಗೆ ಕಳಿಸಿದರು. ಪುಸ್ತಕ ತಡೆಯುವುದಕ್ಕೆ ಕಾನೂನಿಗೆ ಕೈ ಬರಲಿಲ್ಲ. 1996ರಲ್ಲಿ ಕೇಸ್ ಇಲ್ಲದೆಯೇ ತನಿಖೆ ಮುಚ್ಚಿಹೋಯಿತು.

ಹಾಗೇ ಒಂದು ಅಡ್ಡಮಾತು. ಲಿಬರ್ಟೇರಿಯನ್ ಪದಕ್ಕೆ ಕೆಲವರು ಸ್ವೇಚ್ಛಾವಾದಿ ಅಂತ ಬರೆಯುತ್ತಾರೆ. ದಯವಿಟ್ಟು ಬೇಡ. ಕನ್ನಡದಲ್ಲಿ ಸ್ವೇಚ್ಛೆ ಅಂದರೆ ಹೇಳೋರು ಕೇಳೋರು ಇಲ್ಲದ ಬಾಳು. ಪದದಲ್ಲೇ ಅರ್ಧ ತೀರ್ಪು ಬಂದುಬಿಡುತ್ತದೆ.

ಒಂಟಿಸಲಗ

ನನಗೆ ಸ್ವೇಚ್ಛಾವಾದಿ ಅನ್ನಿ, ಬೇಜಾರಿಲ್ಲ.

ನಡುಮನೆ

ಮೋಸದ ವಾದ ನನಗೆ ಹಿಡಿಸಿತು. ಆದರೆ ಅದು ನಿಮ್ಮನ್ನೇ ಇನ್ನೊಂದು ಕಡೆ ಚುಚ್ಚುತ್ತದೆ. 2021ರ ಆಗಸ್ಟಿನಲ್ಲಿ ಇದೇ ಆಪಲ್ ಏನು ಹೇಳಿತು? ಐಕ್ಲೌಡ್‌ಗೆ ಹೋಗುವ ಫೋಟೋಗಳನ್ನು ನಿಮ್ಮ ಫೋನಿನಲ್ಲೇ ಪರೀಕ್ಷೆ ಮಾಡುತ್ತೇವೆ, ಮಕ್ಕಳ ಶೋಷಣೆಯ ಗೊತ್ತಿರುವ ಚಿತ್ರಗಳಿಗೆ ತಾಳೆಯಾದರೆ ವರದಿ ಮಾಡುತ್ತೇವೆ ಅಂತ. ಆಗ ಯಾವ ವಾರಂಟೂ ಇರಲಿಲ್ಲ. ಖಾಸಗಿ ಕಂಪನಿ, ಮುಚ್ಚುಮರೆ ಇಲ್ಲದೆ ಮೊದಲೇ ಹೇಳಿದೆ. ನಿಮ್ಮ ತತ್ವದ ಪ್ರಕಾರ ತಪ್ಪೇ ಇಲ್ಲ, ಅಲ್ವಾ?

ಒಂಟಿಸಲಗ

ತಪ್ಪಿಲ್ಲ. ಬೇಡದಿದ್ದರೆ ಬೇರೆ ಫೋನ್ ತಗೊಳ್ಳಿ.

ನಡುಮನೆ

ಬೇರೆ ಅಂದರೆ ಯಾವುದು? ಜಗತ್ತಿನಲ್ಲಿ ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್‌ಫೋನೂ ಎರಡೇ ಎರಡು ಕಂಪನಿಗಳ ಆಪರೇಟಿಂಗ್ ಸಿಸ್ಟಂ ಮೇಲೆ ಓಡುತ್ತವೆ. ಎರಡೇ ಬಾಗಿಲು ಇರುವ ಮನೆಯಲ್ಲಿ ಇಷ್ಟವಿಲ್ಲದಿದ್ದರೆ ಬೇರೆ ಬಾಗಿಲಲ್ಲಿ ಹೋಗಿ ಅನ್ನುವುದು ಸ್ವಾತಂತ್ರ್ಯವೇ?

ಬೀಗದಕೈ

ಇಲ್ಲಿ ನಮ್ಮ ಕಡೆ ದುರ್ಬಲ. ಒಪ್ಪುತ್ತೇನೆ.

ಎರಡು ಮಾತು ಮಾತ್ರ. ಕಂಪನಿ ನನ್ನನ್ನು ಜೈಲಿಗೆ ಹಾಕಲಾರದು, ಸರ್ಕಾರ ಹಾಕಬಲ್ಲದು. ಆ ವ್ಯತ್ಯಾಸ ಸಣ್ಣದಲ್ಲ. ಮತ್ತೆ ಆ ಯೋಜನೆಯ ಮೇಲೆ ಜನ ಮುಗಿಬಿದ್ದರು, ಕಂಪನಿ ಮೊದಲು ಮುಂದಕ್ಕೆ ಹಾಕಿ 2022ರ ಡಿಸೆಂಬರಿನಲ್ಲಿ ಪೂರ್ತಿ ಕೈಬಿಟ್ಟಿತು. ಕಾಯ್ದೆಯಾಗಿದ್ದರೆ ಅಷ್ಟು ಬೇಗ ಹೋಗುತ್ತಿತ್ತಾ?

ಆದರೂ ನಿಮ್ಮ ಮಾತು ಕುಟುಕುತ್ತದೆ. ಸರ್ಕಾರ ಎದುರಿಗೆ ಬರದೆ, ನೀವಾಗೇ ಮಾಡಿಬಿಡಿ, ಇಲ್ಲದಿದ್ದರೆ ಕಾಯ್ದೆ ತರುತ್ತೇವೆ ಅಂತ ಕಂಪನಿಯ ಕಿವಿಯಲ್ಲಿ ಹೇಳಿದರೆ, ಅದು ಒಪ್ಪಂದವೋ ಬೆದರಿಕೆಯೋ? ನಮ್ಮವರು ಬಹಳ ಜನ ಇದನ್ನು ನೋಡಿಯೂ ನೋಡದ ಹಾಗೆ ಇರುತ್ತಾರೆ.

ಹಳೇಕಡತ

ನೀವು ಏನೇ ಹೇಳಿ, ಮುಚ್ಚಿಡುವಂಥದ್ದು ಇಲ್ಲದವನಿಗೆ ಇಷ್ಟು ಗಾಬರಿ ಯಾಕೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅಕ್ಷರಿ

ಗಾದೆ ಸರಿಯಾಗಿದೆ ಸಾರ್, ಆದರೆ ಅದರಲ್ಲಿ ಹೆಗಲು ಮುಟ್ಟಿಕೊಂಡವನು ಒಬ್ಬನೇ. ನೀವು ಕೇಳುತ್ತಿರುವುದು ಊರಿನವರೆಲ್ಲ ಸದಾ ಹೆಗಲು ತೋರಿಸಿಕೊಂಡೇ ಓಡಾಡಬೇಕು ಅಂತ.

ಭಾರತದ 2021ರ ಐಟಿ ನಿಯಮಗಳನ್ನೇ ನೋಡಿ. ದೊಡ್ಡ ಮೆಸೇಜಿಂಗ್ ಸೇವೆಗಳು ಒಂದು ಸಂದೇಶವನ್ನು ಮೊದಲು ಕಳಿಸಿದವರು ಯಾರು ಅಂತ ಆದೇಶ ಬಂದಾಗ ಹೇಳಬೇಕು. ಸಂದೇಶದ ಒಳಗೇನಿದೆ ಅಂತ ಹೇಳಬೇಕಿಲ್ಲ, ಅಷ್ಟರಮಟ್ಟಿಗೆ ಸೌಮ್ಯ ಅನ್ನಿಸುತ್ತದೆ. ಆದರೆ ಯಾವ ಸಂದೇಶದ ಬಗ್ಗೆ ನಾಳೆ ಕೇಳುತ್ತಾರೆ ಅಂತ ಇವತ್ತು ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲ ಸಂದೇಶಗಳಿಗೂ ಗುರುತು ಹಚ್ಚಿಡಬೇಕು. ವಾಟ್ಸ್ಆಪ್ ದೆಹಲಿ ಹೈಕೋರ್ಟಿಗೆ ಹೋಗಿದ್ದು ಇದೇ ವಾದ ಇಟ್ಟುಕೊಂಡು. 2024ರಲ್ಲಿ, ಎನ್‌ಕ್ರಿಪ್ಶನ್ ಮುರಿಯಿರಿ ಅಂದರೆ ನಾವು ಇಲ್ಲಿಂದ ಹೊರಡಬೇಕಾಗುತ್ತದೆ ಅಂತಲೂ ಕೋರ್ಟಿನಲ್ಲಿ ಹೇಳಿತು.

ದಾರಿಹೋಕ

ಇಷ್ಟು ಓದಿದ ಮೇಲೆ ನನ್ನ ಪ್ರಶ್ನೆ ಎರಡಾಗಿ ಒಡೆದಿದೆ. ಹಿಂಬಾಗಿಲು ಬೇಡ, ಅದು ಹೊಳೆಯಿತು. ತಪ್ಪು ಮಾಡದವರ ಬೀರು ಕೊರೆಯುವ ಹಕ್ಕು ವಾರಂಟ್‌ನಲ್ಲಿ ಇಲ್ಲ. ಆದರೆ ಅನುಮಾನ ಇರುವ ಆ ಒಬ್ಬ? ಅವನನ್ನು ಪಾಸ್‌ವರ್ಡ್ ಹೇಳು ಅಂತ ಒತ್ತಾಯ ಮಾಡಬಹುದಾ?

ಅಕ್ಷರಿ

ಬ್ರಿಟನ್ನಿನಲ್ಲಿ ಮಾಡಬಹುದು. 2000ದ ಕಾಯ್ದೆ ಇದೆ. ಕೀಲಿ ಕೊಡದಿದ್ದರೆ 2 ವರ್ಷದವರೆಗೆ ಜೈಲು. ದೇಶದ ಭದ್ರತೆ ಅಥವಾ ಮಕ್ಕಳ ಅಶ್ಲೀಲ ಚಿತ್ರದ ಕೇಸ್ ಆದರೆ 5 ವರ್ಷದವರೆಗೆ. ಅಮೆರಿಕದಲ್ಲಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನುವ ಐದನೇ ತಿದ್ದುಪಡಿ ಅಡ್ಡ ಬರುತ್ತದೆ, ಕೋರ್ಟುಗಳು ಒಂದೊಂದು ಒಂದೊಂದು ಥರ ಹೇಳಿವೆ.

ಲಿಬರ್ಟೇರಿಯನ್ನರು ಜಗಳ ಆಡುವುದೂ ಇಲ್ಲೇ. ಕೆಲವರಿಗೆ ಪಾಸ್‌ವರ್ಡ್ ಅಂದರೆ ಬೀರುವಿನ ಕೀಲಿ, ವಾರಂಟ್ ಇದ್ದರೆ ಕೊಡಬೇಕು. ಕೆಲವರಿಗೆ ಅದು ತಲೆಯೊಳಗಿನ ಮಾತು, ಕಿತ್ತುಕೊಳ್ಳುವ ಹಾಗಿಲ್ಲ. ನಾನು ಎರಡನೆಯವರ ಕಡೆ. ಮರೆತುಹೋಯಿತು ಅಂದವನು ನಿಜ ಹೇಳುತ್ತಿದ್ದಾನಾ ಸುಳ್ಳು ಹೇಳುತ್ತಿದ್ದಾನಾ ಅಂತ ಯಾರು ತೀರ್ಮಾನ ಮಾಡುತ್ತಾರೆ? ಮರೆವಿಗೆ ಜೈಲು ಅಂದರೆ ನನಗೆ ಹೆದರಿಕೆ.

ಹಳೇಕಡತ

ಸರಿ. ಹಿಂಬಾಗಿಲು ಬೇಡ. ಪಾಸ್‌ವರ್ಡೂ ಕೇಳಬೇಡಿ. ಹಾಗಾದರೆ ನಮಗೆ ಉಳಿದಿದ್ದೇನು?

ಬೀಗದಕೈ

ನೀವೇ ಬೀಗ ಒಡೆಯುವುದು. ಒಳಗೆ ಒಬ್ಬನನ್ನು ಸೇರಿಸುವುದು. ಯಾರು ಯಾರಿಗೆ ಯಾವಾಗ ಫೋನ್ ಮಾಡಿದರು ಅನ್ನುವ ದಾಖಲೆ. ಇದು ಕಮ್ಮಿ ಏನಲ್ಲ. 2021ರಲ್ಲಿ ಹೊರಬಿದ್ದ ಆ್ಯನಂ ಕಾರ್ಯಾಚರಣೆ ನೆನಪಿದೆಯಾ? ಎಫ್‌ಬಿಐ ಮತ್ತು ಆಸ್ಟ್ರೇಲಿಯಾ ಪೊಲೀಸರು ಗುಟ್ಟಿನ ಫೋನ್ ಅಂತ ಹೇಳಿ ಕ್ರಿಮಿನಲ್ ಗುಂಪುಗಳ ಕೈಗೇ ತಮ್ಮ ಫೋನ್ ಸೇರುವ ಹಾಗೆ ಮಾಡಿದರು. 12,000ಕ್ಕಿಂತ ಹೆಚ್ಚು ಫೋನುಗಳು, 800ಕ್ಕೂ ಹೆಚ್ಚು ಬಂಧನ. ಅದಕ್ಕಾಗಿ ಜನಸಾಮಾನ್ಯರ ಯಾವ ಆಪನ್ನೂ ಕೆಡಿಸಬೇಕಾಗಲಿಲ್ಲ.

ಒಂಟಿಸಲಗ

ಮೋಸ ಮಾಡು ಅಂತ ಆದೇಶ ಕೊಡುವುದು ತಪ್ಪು ಅಂದವರು ನೀವೇ. ಇಲ್ಲಿ ಪೊಲೀಸರೇ ಸುಳ್ಳು ಬೋರ್ಡ್ ಹಾಕಿ ಮಾರಿದ್ದಾರೆ. ಈಗ ಚಪ್ಪಾಳೆ ಹೊಡೆಯುತ್ತಿದ್ದೀರಿ.

ಬೀಗದಕೈ

ಹ್ಞೂಂ, ಅಲ್ಲಿ ಸಿಕ್ಕಿಬಿದ್ದೆ. ಕಳ್ಳನ ವೇಷದಲ್ಲಿ ಕಳ್ಳರ ಗುಂಪಿಗೆ ಸೇರುವುದು ಬೇರೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಳ್ಳ ಬೀಗ ಮಾರುವುದು ಬೇರೆ ಅಂತ ನನ್ನ ಸಮಾಧಾನ. ಪೂರ್ತಿ ಗಟ್ಟಿ ಸಮಾಧಾನ ಅಂತ ಹೇಳಲಾರೆ.

ಹಳೇಕಡತ

ನೀವೇ ಬೀಗ ಒಡೆಯಿರಿ ಅಂದಿರಲ್ಲ, ಅದರ ಬಗ್ಗೆ ಒಂದು ಕೇಳುತ್ತೇನೆ. ಒಡೆಯಬೇಕಾದರೆ ಫೋನಿನ ಸಾಫ್ಟ್‌ವೇರಿನಲ್ಲಿ ಒಂದು ದೋಷ ಸಿಗಬೇಕು. ಸಿಕ್ಕ ಮೇಲೆ ಅದನ್ನು ಕಂಪನಿಗೆ ಹೇಳಬಾರದು. ಹೇಳಿದರೆ ಸರಿ ಮಾಡಿಬಿಡುತ್ತಾರೆ. ಹಾಗೆ ಮುಚ್ಚಿಟ್ಟುಕೊಳ್ಳುವುದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?

ಬೀಗದಕೈ

ನಿಮಗೆ ಸರಿಯಾದ ಜಾಗ ಗೊತ್ತು ಸಾರ್.

ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ವಿಂಡೋಸ್‌ನ ಒಂದು ದೋಷವನ್ನು ಹೀಗೇ ಮುಚ್ಚಿಟ್ಟುಕೊಂಡಿತ್ತು. ಅದನ್ನು ಬಳಸುವ ಅಸ್ತ್ರ ಸೋರಿಹೋಗಿ, 2017ರ ಮೇ ತಿಂಗಳಲ್ಲಿ ಕಂಪ್ಯೂಟರಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಕ್ರೈ ಅನ್ನುವ ರೂಪದಲ್ಲಿ ಹೊರಗೆ ಬಂತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್‌ಗಳು ನಿಂತುಹೋದವು. ಮುಚ್ಚಿಟ್ಟ ದೋಷ ಅಂದರೆ ಅದೂ ಎಲ್ಲರ ಬೀರುವಿನ ತೂತೇ. ಕೊರೆದವರು ಸರ್ಕಾರದವರಲ್ಲ ಅಷ್ಟೆ. ಕಂಡರೂ ಸುಮ್ಮನಿದ್ದರು.

ಹಳೇಕಡತ

ಹಾಗಿದ್ದರೆ ಹೇಳಿ. ಒಂದು ದೋಷ ನನ್ನ ಕೈಗೆ ಸಿಕ್ಕಿದೆ. ಅದರಿಂದ ಆ ಮೇಜಿನ ಮೇಲಿನ ಫೋನ್ ತೆರೆಯುತ್ತದೆ. ಎಷ್ಟು ದಿನ ಇಟ್ಟುಕೊಳ್ಳಬಹುದು?

ಬೀಗದಕೈ

ನಾನು ಇಲ್ಲಿಯವರೆಗೆ ಬರೆದದ್ದರ ಪ್ರಕಾರ ಒಂದು ದಿನವೂ ಇಲ್ಲ ಅನ್ನಬೇಕು. ಬೆಳಗಿನಿಂದ ಎರಡು ಸಲ ಹಾಗೇ ಟೈಪ್ ಮಾಡಿ ಅಳಿಸಿದೆ.

ಹಳೇಕಡತ

ಅಳಿಸಿದ್ದು ಒಳ್ಳೆಯದಾಯಿತು. ಇನ್ನೊಮ್ಮೆ ಬರೆಯುವಾಗ ತಿಳಿಸಿ, ಕಾಯುತ್ತೇನೆ.